ಅಕ್ಕನ ಬಿಳಿಕಣಗಳು

ಮಾರ್ಚ್ 4, ಸೋಮವಾರ. ಬೆಳಿಗ್ಗೆ 7.40

ರಕ್ತಕಣ ಎಣಿಸುವ ಮೆಷಿನ್ ಮತ್ತೆ ಕೈಕೊಟ್ಟಿದೆ. ರಕ್ತ ಹೀರುತ್ತದೆ, ಗೊರಗೊರ ಎನ್ನುತ್ತದೆ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಸಿಕೊಂಡು ಕೂರುತ್ತದೆ. ಎರಡು ಸಲ ಮುಚ್ಚಳ ತೆಗೆದು ಹಾಕಿದೆ. ಮೂರನೇ ಸಲ ಪಕ್ಕಕ್ಕೆ ಒಂದು ಬಿಟ್ಟೆ. ಸರಿಹೋಯಿತು. ಹತ್ತೊಂಬತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಕಲಿತ ವಿದ್ಯೆ.

ವಾರ್ಡಿನಿಂದ ಬಂದ ನಾಲ್ಕು ಟ್ಯೂಬಿಗೆ ಲೇಬಲ್ ಇಲ್ಲ. ಫೋನ್ ಮಾಡಿದರೆ ನರ್ಸ್, "ನಿಮಗೇ ಗೊತ್ತಾಗ್ಬೇಕಲ್ವಾ ಮೇಡಂ" ಅನ್ನುತ್ತಾಳೆ. ಹೇಗೆ ಗೊತ್ತಾಗಬೇಕು? ರಕ್ತದ ಮುಖಚಹರೆ ನೋಡಿಯೇ?

ಅದೇ ದಿನ, ಮಧ್ಯಾಹ್ನ 12.10

ಎಮರ್ಜೆನ್ಸಿಯಿಂದ ಟ್ಯೂಬ್. ಇದಕ್ಕೆ ಲೇಬಲ್ ಇತ್ತು. ಅಕ್ಕನ ಹೆಸರು.

ಅದೇ ಹೆಸರಿನ ಬೇರೆ ಯಾರೋ ಅಂದುಕೊಂಡೆ. ವಯಸ್ಸು ನೋಡಿದೆ — 48. ಓಡಿದೆ.

ಸಂಜೆ 6

ಬದುಕಿದ್ದಾಳೆ. ಐಸಿಯುನಲ್ಲಿದ್ದಾಳೆ.

ಅಕ್ಕ ಗೋದಾಮಿನ ಸೂಪರ್‌ವೈಸರ್. ಫೋರ್ಕ್‌ಲಿಫ್ಟ್ ತಗುಲಿ, ನೆಲದ ಟೈಲ್ಸ್ ಪೇರಿಸಿದ್ದ ರ‍್ಯಾಕ್ ಅವಳ ಮೇಲೆ ಮಗುಚಿದೆ. ಬಲತೊಡೆಯ ಮೂಳೆ ಎರಡು ಕಡೆ ತುಂಡು. ಆ ತೊಡೆಯ ಮಾಂಸವೆಲ್ಲ ಜಜ್ಜಿಹೋಗಿದೆ. ಸೊಂಟದಲ್ಲಿ ಬಿರುಕು, ಪಕ್ಕೆಲುಬು ನಾಲ್ಕು ಮುರಿದಿವೆ. ಆರು ಬಾಟಲಿ ರಕ್ತ ಹಾಕಿದರು. ತೊಡೆಗೆ ಹೊರಗಿನಿಂದ ಕಬ್ಬಿಣದ ಸರಳು ಬಿಗಿದು ಸದ್ಯಕ್ಕೆ ಅಲ್ಲಾಡದಂತೆ ನಿಲ್ಲಿಸಿದ್ದಾರೆ. ಒಳಗೆ ರಾಡ್ ಹಾಕುವ ದೊಡ್ಡ ಆಪರೇಷನ್ ಆಮೇಲೆ.

ಏಳು ತಿಂಗಳಿಂದ ನಾವು ಮಾತು ಬಿಟ್ಟಿದ್ದೆವು. ನಾನು ಗಂಡನಿಂದ ಬೇರೆಯಾದಾಗ, "ಇವಳಿಗೆ ಯಾರ ಜೊತೇನೂ ಹೊಂದಿಕೊಂಡು ಗೊತ್ತಿಲ್ಲ" ಎಂದು ಮನೆ ತುಂಬ ಜನರೆದುರು ಅಂದಳು. ಅವಳ ಮನೆ ಬಾಗಿಲು ದಡಾರನೆ ಹಾಕಿಕೊಂಡು ಬಂದವಳು ನಾನು. ಈಗ ಅವಳ ಮಂಚದ ಪಕ್ಕ ನಿಂತು ಏನು ಹೇಳಲಿ... ಡ್ರಿಪ್ ನೋಡಿದೆ. ಮಾನಿಟರ್ ನೋಡಿದೆ. ವಾಪಸು ಬಂದೆ.

ಲ್ಯಾಬಿನ ಬಾಸ್ ಬಾಗಿಲಲ್ಲೇ ತಡೆದರು. "ಮನೆಯವರ ಸ್ಯಾಂಪಲ್ ನೀವು ಮುಟ್ಟೋ ಹಾಗಿಲ್ಲ. ರೂಲ್ಸ್ ಇದೆ." ಹತ್ತೊಂಬತ್ತು ವರ್ಷದಲ್ಲಿ ಅವರಿಗೆ ರೂಲ್ಸ್ ನೆನಪಾದದ್ದು ಇವತ್ತೇ.

ಮಾರ್ಚ್ 5, ಮಂಗಳವಾರ. ಸಂಜೆ

ಅಕ್ಕನ ಬಿಳಿ ರಕ್ತಕಣ 19,800. ಹನ್ನೊಂದು ಸಾವಿರ ದಾಟಬಾರದು. ಜ್ವರ 102.

ಭಾವ — ಅಕ್ಕನ ಗಂಡ, ಡ್ರೈವಿಂಗ್ ಸ್ಕೂಲ್ ನಡೆಸುವವರು — ಕೂತಲ್ಲೇ ಬಲಗಾಲಿನಲ್ಲಿ ಇಲ್ಲದ ಬ್ರೇಕ್ ಒತ್ತುತ್ತ ಕೇಳಿದರು: "ಜಾಸ್ತಿ ಇರೋದು ಒಳ್ಳೇದೇ ಅಲ್ವೇನಮ್ಮ? ಅವು ಸೈನಿಕರು ತಾನೆ?"

ಸೈನಿಕರಂತೆ! ಶಾಲೆಯ ಪುಸ್ತಕದಲ್ಲಿ ಇದನ್ನು ಬರೆದವರು ಯಾರೋ, ಒಮ್ಮೆ ಕೈಗೆ ಸಿಗಬೇಕು.

"ಯಾರ ಮೇಲೆ ಯುದ್ಧ ಭಾವ? ಕ್ರಿಮಿ ಎಲ್ಲಿದೆ?"

"ಇನ್ಫೆಕ್ಷನ್ ಇರುತ್ತಲ್ಲ."

"ಇನ್ಫೆಕ್ಷನ್ ಇಲ್ಲ. ರಕ್ತದಲ್ಲಿ ಕ್ರಿಮಿ ಬೆಳೆಯುತ್ತಾ ಅಂತ ಇಟ್ಟು ನೋಡ್ತಿದ್ದೀವಿ. ಇಲ್ಲೀವರೆಗೆ ಏನೂ ಬೆಳೆದಿಲ್ಲ."

"ಮತ್ತೆ ಜ್ವರ ಯಾಕೆ?"

ಹೇಳಿದೆ. ನಿಧಾನವಾಗಿ, ಬಿಡಿಸಿ ಬಿಡಿಸಿ. ಜಜ್ಜಿದ ಮಾಂಸದ ಜೀವಕೋಶಗಳು ಒಡೆದಿವೆ. ಒಳಗಿದ್ದದ್ದೆಲ್ಲ ರಕ್ತಕ್ಕೆ ಚೆಲ್ಲಿದೆ. ಅದರಲ್ಲಿ ಕೋಶಕ್ಕೆ ಶಕ್ತಿ ಕೊಡುವ ಸಣ್ಣ ಸಣ್ಣ ತುಣುಕುಗಳಿರುತ್ತವೆ. ಅವು ಕೋಟಿಗಟ್ಟಲೆ ವರ್ಷದ ಹಿಂದೆ ಬ್ಯಾಕ್ಟೀರಿಯಾ ಆಗಿದ್ದವು. ಒಳಗಿದ್ದಷ್ಟು ಹೊತ್ತು ಮನೆಮಂದಿ, ಹೊರಗೆ ಬಿದ್ದರೆ ಬಿಳಿಕಣಗಳಿಗೆ ಗುರುತೇ ಹತ್ತುವುದಿಲ್ಲ. ಕ್ರಿಮಿ ಬಂತು ಎಂದು ಹಿಂಡುಹಿಂಡಾಗಿ ಬರುತ್ತವೆ, ಇದ್ದಬದ್ದ ವಿಷವನ್ನೆಲ್ಲ ಸುರಿಯುತ್ತವೆ. ಸುರಿದದ್ದು ಅಕ್ಕನ ಮೈಮೇಲೆಯೇ. ಗಾಯದ ಹತ್ತಿರ ಮಾತ್ರ ಅಲ್ಲ, ರಕ್ತ ಹೋದಲ್ಲೆಲ್ಲ.

ಭಾವ ತಲೆಯಾಡಿಸಿದರು. ಫೋನ್ ತೆಗೆದು ಯಾರಿಗೋ, "ಸೈನಿಕರು ಹತ್ತೊಂಬತ್ತು ಸಾವಿರ ಇದಾರಂತೆ, ಏನೂ ಭಯ ಇಲ್ಲ" ಎಂದರು.

ಗೋಡೆಗೆ ಹೇಳಿದ್ದರೂ ಆಗುತ್ತಿತ್ತು.

ಮಾರ್ಚ್ 6, ಬುಧವಾರ. ಬೆಳಿಗ್ಗೆ 10

ಮೂಳೆ ಡಾಕ್ಟರ್ ಸವಾರಿ ಬಂತು. ರಿಪೋರ್ಟ್ ಮೇಲೆ ಕಣ್ಣಾಡಿಸಿ, "ಕೌಂಟ್ ಇಳೀತಿದೆ, ಗುಡ್. ನಾಳೆ ರಾಡ್ ಹಾಕಿಬಿಡೋಣ. ಶುಕ್ರವಾರ ಕಾನ್ಫರೆನ್ಸಿಗೆ ಹೊರಟರೆ ನಾನು ಹತ್ತು ದಿನ ಸಿಗಲ್ಲ" ಅಂದರು. ಭಾವನ ಮುಖ ಅರಳಿತು.

ನಿನ್ನೆ 19,800, ಇವತ್ತು 16,900. ಹೌದು, ಇಳಿದಿದೆ. ಆದರೆ ಜ್ವರ ಇಳಿದಿಲ್ಲ. ಉಸಿರು ನಿಮಿಷಕ್ಕೆ ಮೂವತ್ತು. ಕಣಗಳು ಕಡಿಮೆಯಾದವೋ, ರಕ್ತ ಬಿಟ್ಟು ಇನ್ನೆಲ್ಲಾದರೂ ಹೋಗಿ ಕೂತವೋ?

ಮಧ್ಯಾಹ್ನ 1.30

ಮುಟ್ಟಿದೆ. ರೂಲ್ಸ್ ಮುರಿದೆ. ಬಾಸ್ ಊಟಕ್ಕೆ ಹೋದಾಗ ಅಕ್ಕನ ಟ್ಯೂಬಿನಿಂದ ಒಂದು ಹನಿ ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ.

ಮೆಷಿನ್ ಬರೀ ತಲೆ ಎಣಿಸುತ್ತದೆ. ಯಾರ ತಲೆ ಎಂದು ನಮ್ಮ ಈ ಹಳೇ ಡಬ್ಬಿಗೆ ಗೊತ್ತಿಲ್ಲ. ಬಲಿತ ಬಿಳಿಕಣದ ನಡುಭಾಗ ಮೂರು ನಾಲ್ಕು ಹಾಲೆಗಳಾಗಿ ಒಡೆದಿರುತ್ತದೆ. ಎಳೆಯದರಲ್ಲಿ ಒಡೆದಿರುವುದಿಲ್ಲ, ಬಾಗಿದ ಲಾಳದಂತೆ ಇರುತ್ತದೆ. ನೂರು ಎಣಿಸಿದೆ. ಎಳೆಯವು ಐದಾರು ಇರಬಹುದು, ಇಲ್ಲಿ ಇಪ್ಪತ್ತನಾಲ್ಕು! ಅವುಗಳ ಮೈಯೆಲ್ಲ ಕಪ್ಪು ಚುಕ್ಕಿ, ಕೆರಳಿದ ಕಣದ ಗುರುತು. ಎರಡನೇ ಸಲ ಎಣಿಸಿದೆ. ಇಪ್ಪತ್ತಾರು.

ಅಂದರೆ ಬಲಿತವು ರಕ್ತ ಬಿಟ್ಟು ಅಂಗಗಳ ಒಳಗೆ ನುಗ್ಗಿವೆ. ಮೂಳೆಯ ಮಜ್ಜೆ ಇದ್ದಬದ್ದ ಮರಿಗಳನ್ನೂ ಹೊರಗೆ ದೂಡುತ್ತಿದೆ. ಇಳಿದಿಲ್ಲ. ಒಳಗಿನ ಹಾವಳಿ ಏರುತ್ತಿದೆ.

ಸಂಜೆ 5

ಐಸಿಯು ಡಾಕ್ಟರಿಗೆ ಸ್ಲೈಡ್ ತೋರಿಸಿದೆ. ಚಿಕ್ಕ ವಯಸ್ಸಿನವಳು, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುತ್ತಾಳೆ. ನಾವೆಲ್ಲ ಪೆನ್ಸಿಲ್ ಎನ್ನುತ್ತೇವೆ. ನೋಡಿದಳು. ಕುರ್ಚಿ ಎಳೆದುಕೊಂಡು ಮತ್ತೆ ನೋಡಿದಳು.

"ನಾಳೆ ಮೂಳೆ ಒಳಗೆ ಡ್ರಿಲ್ ಮಾಡಿದ್ರೆ ಇವಕ್ಕೆ ಅದು ಇನ್ನೊಂದು ಆಕ್ಸಿಡೆಂಟ್. ಈಗಾಗ್ಲೇ ಕೆರಳಿ ನಿಂತಿವೆ. ಶ್ವಾಸಕೋಶ ತಡ್ಕೊಳ್ಳಲ್ಲ. ನಾನೂ ಹೇಳ್ತೀನಿ, ಆದ್ರೆ ಸೀನಿಯರ್ ಅವರು... ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋದು ನಿಮ್ಮ ಭಾವ."

ಭಾವನಿಗೆ ಹೇಳಿದೆ. ಕೂಗಾಡಿದೆ ಅನ್ನಬೇಕು.

"ಅಷ್ಟು ದೊಡ್ಡ ಡಾಕ್ಟರ್ ಮಾಡೋಣ ಅಂತಿದಾರೆ, ನೀನು ಬೇಡ ಅಂತೀಯ. ನಿನ್ನ ಮಾತು ಕೇಳಿ ಅವಳ ಕಾಲು ಹೋದ್ರೆ?"

"ಸರಳು ಬಿಗಿದಿದಾರೆ, ಕಾಲು ಹತ್ತು ದಿನ ಕಾಯುತ್ತೆ ಭಾವ. ಉಸಿರು ಕಾಯಲ್ಲ."

"ಬರ್ಕೊಡ್ತೀಯಾ? ಏನೂ ಆಗಲ್ಲ ಅಂತ?"

ಹೇಗೆ ಬರೆದುಕೊಡಲಿ? ಎದ್ದು ಬಂದೆ.

ಬಾಸಿಗೆ ಆಗಲೇ ಸುದ್ದಿ ಮುಟ್ಟಿತ್ತು. ಲಿಖಿತ ವಿವರಣೆ ಬೇಕಂತೆ, ಮೂರು ಪ್ರತಿಯಲ್ಲಿ. ಬೈಯುತ್ತಲೇ ಸ್ಲೈಡ್ ಕಿತ್ತುಕೊಂಡು ತಾವೇ ಎಣಿಸಿದರು. "ಇಪ್ಪತ್ತೇಳು" ಅಂದರು. ಸಹಿ ಹಾಕಿ ರಿಪೋರ್ಟ್ ಮೇಲಕ್ಕೆ ಕಳಿಸಿದರು. ವಿವರಣೆ ಮಾತ್ರ ಬೇಕೇ ಬೇಕಂತೆ.

ಮಾರ್ಚ್ 7, ಗುರುವಾರ. ಬೆಳಿಗ್ಗೆ 9.20

ಭಾವ ಸಹಿ ಹಾಕಲಿಲ್ಲ.

ಪೆನ್ನು ಹಿಡಿದುಕೊಂಡೇ ಅರ್ಧ ಗಂಟೆ ನಿಂತಿದ್ದರಂತೆ. ಮೂಳೆ ಡಾಕ್ಟರ್, "ಆಮೇಲೆ ನನ್ನ ಕೇಳ್ಬೇಡಿ" ಎಂದು ಬೆನ್ನು ತಿರುಗಿಸಿದರಂತೆ. ನನ್ನ ಜೊತೆ ಭಾವ ಮಾತಾಡುತ್ತಿಲ್ಲ. ಇರಲಿ.

ಸಂಜೆ 4

ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಬೆಳ್ಳಗೆ. ಮಂಜು ಕವಿದ ಕಿಟಕಿಯಂತೆ. ಆಕ್ಸಿಜನ್ ಎಷ್ಟು ಕೊಟ್ಟರೂ ಸಾಲದು. ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಸೇರಿಸಿದರು. ಆಪರೇಷನ್ ಇಲ್ಲದೆಯೇ ಹೀಗಾಯಿತು.

ನಿದ್ದೆ ಮದ್ದು ಕೊಡುವ ಮುಂಚೆ ಅಕ್ಕ ನನ್ನ ಕಡೆ ನೋಡಿದಳು. ಗುರುತು ಹಿಡಿದಳೋ ಇಲ್ಲವೋ. ಅವಳ ಕಾಲಬೆರಳಿಗೆ ಹೊದಿಕೆ ಸರಿಮಾಡಿದೆ. ಮಾಡಿದ್ದು ಅಷ್ಟೇ. ಥೂ.

ಮಾರ್ಚ್ 8, ಶುಕ್ರವಾರ. ಮಧ್ಯಾಹ್ನ 3

ನೆಂಟರು. ಐಸಿಯು ಬಾಗಿಲಲ್ಲಿ ಹದಿನಾಲ್ಕು ಜನ, ಎಣಿಸಿದೆ. ಚಿಕ್ಕಮ್ಮ ತಿಂಡಿ ಡಬ್ಬಿ ಹಿಡಿದು ಬಂದಿದ್ದಾರೆ. ಯಾರಿಗೆ? ಬಾಯಲ್ಲಿ ಪೈಪ್ ಇರುವವಳಿಗೆ?

ಭಾವ ಎಲ್ಲರೆದುರು ಶುರು ಮಾಡಿದರು. "ಇವಳ ಮಾತು ಕೇಳ್ದೆ ನೋಡಿ. ನಿನ್ನೆ ಬೆಳಿಗ್ಗೇನೇ ಆಪರೇಷನ್ ಮುಗಿಸಿದ್ರೆ ಹೀಗಾಗ್ತಿತ್ತಾ?"

ಹದಿನಾಲ್ಕು ತಲೆ ನನ್ನ ಕಡೆ ತಿರುಗಿದವು. ಚಿಕ್ಕಮ್ಮ, "ಎಲ್ಲದರಲ್ಲೂ ಮೂಗು ತೂರಿಸೋದು ಮೊದಲಿಂದ ಇವಳ ಚಾಳಿ" ಅಂದರು. ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಅಟೆಂಡರ್, "ಜಾಗ ಬಿಡಿ, ಜಾಗ ಬಿಡಿ" ಎಂದು ಕಿರುಚಿದ. ಅಕ್ಕನ ವೆಂಟಿಲೇಟರಿಗೆ ಹೊಸ ಸಿಲಿಂಡರ್ ತಂದಿದ್ದ. ಕಾರಿಡಾರ್ ತುಂಬ ನಮ್ಮವರೇ. ಒಬ್ಬರು ಸರಿದರೆ ಇನ್ನೊಬ್ಬರು ಅಡ್ಡ. ಚಿಕ್ಕಮ್ಮನ ಡಬ್ಬಿ ಚಕ್ರಕ್ಕೆ ಸಿಕ್ಕಿತು, ಟ್ರಾಲಿ ನಿಂತಿತು.

ನನ್ನ ತಾಳ್ಮೆ ಹೋಯಿತು.

"ನೋಡಿ ಭಾವ, ಒಳಗೆ ಆಗಿರೋದೂ ಇದೇ! ಎಲ್ಲರೂ ಸಹಾಯಕ್ಕೇ ಬಂದಿರೋದು. ಅವಳ ಶ್ವಾಸಕೋಶದ ಸಣ್ಣ ಸಣ್ಣ ನಾಳದಲ್ಲಿ ಬಿಳಿಕಣಗಳು ಹೀಗೇ ಗುಂಪು ಕಟ್ಟಿ ನಿಂತಿವೆ. ಆಕ್ಸಿಜನ್ ರಕ್ತಕ್ಕೆ ಸೇರೋಕೆ ದಾರಿ ಇಲ್ಲ. ಇನ್ನೊಂದು ಗಾಯ ಮಾಡಿದ್ರೆ ಇನ್ನೂ ಇಷ್ಟು ಬರ್ತಿದ್ವು!"

ಭಾವ ಟ್ರಾಲಿ ನೋಡಿದರು, ಬಾಗಿಲು ನೋಡಿದರು. ಆಮೇಲೆ ಡ್ರೈವಿಂಗ್ ಸ್ಕೂಲಿನ ಗಂಟಲು ತೆಗೆದರು. "ಎಲ್ಲರೂ ಮನೆಗೆ ಹೋಗಿ. ಎಲ್ಲರೂ! ನೀವೂ ಚಿಕ್ಕಮ್ಮ."

ಹೋದರು. ಡಬ್ಬಿ ಇಲ್ಲೇ ಬಿಟ್ಟು.

ಪೆನ್ಸಿಲನ್ನು ಕೇಳಿದೆ: ತಡೆದದ್ದು ಸರಿಯಾ? "ಆಪರೇಷನ್ ಮಾಡಿದ್ರೆ ಇನ್ನೂ ಕೆಟ್ಟದಾಗ್ತಿತ್ತು ಅಂತ ನನ್ನ ಲೆಕ್ಕ. ಆದ್ರೆ ಖಾತ್ರಿಯಾಗಿ ಯಾರೂ ಹೇಳೋಕಾಗಲ್ಲ" ಅಂದಳು. ಒಂದು ಸುಳ್ಳು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು?

ಮಾರ್ಚ್ 11, ಸೋಮವಾರ

26,400.

ಬರೆಯಲು ಏನಿಲ್ಲ.

ಮಾರ್ಚ್ 13, ಬುಧವಾರ. ಬೆಳಿಗ್ಗೆ 11

17,200. ಈ ಸಲವೂ ಕದ್ದು ಸ್ಲೈಡ್ ಎಳೆಯೋಣ ಎಂದು ಹೋದರೆ ಬಾಸ್ ಆಗಲೇ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದರು. "ಎಳೆಯವು ಒಂಬತ್ತು. ಕಪ್ಪು ಚುಕ್ಕಿನೂ ಕಡಿಮೆ. ಇದು ನಿಜವಾದ ಇಳಿಕೆ" ಅಂದರು. ಮತ್ತೆ, "ನಿಮ್ಮ ವಿವರಣೆಯ ಎರಡನೇ ಪ್ರತೀಲಿ ಸಹಿ ಇಲ್ಲ."

ಬಾತ್‌ರೂಮಿಗೆ ಹೋಗಿ ಅತ್ತೆ. ಮುಖ ತೊಳೆದುಕೊಂಡು ಬಂದು ಸಹಿ ಹಾಕಿದೆ.

ಮಾರ್ಚ್ 15, ಶುಕ್ರವಾರ. ಸಂಜೆ 5.30

ಟ್ಯೂಬ್ ತೆಗೆದರು. ಎಂಟು ದಿನದ ಮೇಲೆ. ಅಕ್ಕನ ಗಂಟಲಿನಿಂದ ಬರೀ ಗಾಳಿ. ಕಿವಿ ಹತ್ತಿರ ಇಟ್ಟೆ.

"ನೀನು... ದಿನಾ ಬರ್ತಿದ್ಯಾ?"

"ಇಲ್ಲೇ ಕೆಲಸ ಅಲ್ವಾ. ದಾರೀಲೇ ಸಿಗುತ್ತೆ."

"ಏಳು ತಿಂಗಳು... ಸಿಗ್ಲಿಲ್ಲ."

"ನೀನು ಅಂದ ಮಾತಿಗೆ—"

"ಅಂದೆ. ತಪ್ಪಾಯ್ತು." ಉಸಿರು ತೆಗೆದುಕೊಂಡಳು. "ಆದ್ರೆ ಬಾಗಿಲು... ಅಷ್ಟು ಜೋರಾಗಿ ಹಾಕ್ಬಾರ್ದಿತ್ತು. ಚಿಲಕ ಕಿತ್ತುಹೋಗಿದೆ. ಇನ್ನೂ ಸರಿ ಮಾಡ್ಸಿಲ್ಲ ನಿಮ್ಮ ಭಾವ."

ಸಾವಿನ ಬಾಯಿಂದ ಬಂದವಳ ಮೊದಲ ದೂರು ಚಿಲಕದ್ದು! ನಕ್ಕೆ. ಮೂಗು ಕಟ್ಟಿತು. ಅವಳ ಕೈ ಹಿಡಿದುಕೊಂಡಿದ್ದೇನೆ ಎಂದು ಆಮೇಲೆ ಗೊತ್ತಾಯಿತು.

ಮಾರ್ಚ್ 18, ಸೋಮವಾರ. ಮಧ್ಯಾಹ್ನ 2

ಮೂಳೆ ಡಾಕ್ಟರ್ ವಾಪಸು. ಬೆಳಿಗ್ಗೆ ರಾಡ್ ಹಾಕಿದರು. ಕೌಂಟ್ 11,300 ಇತ್ತು. ಎರಡೂಮುಕ್ಕಾಲು ಗಂಟೆ. ಉಸಿರು ಒಂದು ಚೂರೂ ತಪ್ಪಲಿಲ್ಲ. ಹೊರಗೆ ಬಂದು ಕ್ಯಾಪ್ ತೆಗೆದು, "ಕಾದಿದ್ದು ಒಳ್ಳೇದಾಯ್ತು" ಅಂದರು, ಕಾಯೋಣ ಎಂದದ್ದೇ ತಾವು ಎನ್ನುವಂತೆ.

ಮಾರ್ಚ್ 19, ಮಂಗಳವಾರ

ಭಾವ ಪಕ್ಕದ ಮಂಚದವರ ಮಗನಿಗೆ ಪಾಠ ಹೇಳುತ್ತಿದ್ದರು. "ಬಿಳಿಕಣ ಸೈನಿಕ ಅಂತಾರೆ, ಶುದ್ಧ ತಪ್ಪು. ಎಳೇದು ಎಷ್ಟಿದೆ ನೋಡ್ಬೇಕು. ನಾನೇ ಡಾಕ್ಟರಿಗೆ ಹೇಳ್ದೆ, ಈಗ ಬೇಡ, ಕಾಯೋಣ ಅಂತ."

ಎದ್ದು ಹೋಗಿ ಒಂದು ಮಾತು ಕೇಳಿಬಿಡೋಣ ಅನ್ನಿಸಿತು. ಆದರೆ ಆ ಬೆಳಿಗ್ಗೆ, ಅಷ್ಟು ದೊಡ್ಡ ಡಾಕ್ಟರೆದುರು, ನನ್ನ ಒಂದು ಮಾತು ನಂಬಿ ಪೆನ್ನು ಕೆಳಗಿಟ್ಟದ್ದು ಅವರೇ ತಾನೆ.

ಕೂತಲ್ಲೇ ಕೂತೆ. ಕಷ್ಟಪಟ್ಟು.

ಮಾರ್ಚ್ 22, ಶುಕ್ರವಾರ. ಬೆಳಿಗ್ಗೆ 10.15

ವಾರ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಕೌಂಟ್ 8,900. ಅಕ್ಕನಿಗೆ ದಿಂಬು ಗಟ್ಟಿ, ಬೆಳಕು ಜಾಸ್ತಿ, ನೀರು ಬೆಚ್ಚಗಿಲ್ಲ. ನರ್ಸ್ ನನ್ನ ಕಡೆ ನೋಡಿದಳು. ಕ್ಷಮೆ ಕೇಳುವ ಕೆಲಸವೂ ನನ್ನದೇ.

ಫಿಸಿಯೋದವಳು ವಾಕರ್ ತಂದು ನಿಂತಿದ್ದಾಳೆ. ಇವತ್ತು ನಿಲ್ಲಿಸಬೇಕಂತೆ. ಅಕ್ಕ ಆಗುವುದೇ ಇಲ್ಲ ಅನ್ನುತ್ತಾಳೆ. ನಾಳೆ ಅಂತೆ, ಸೋಮವಾರ ಅಂತೆ. "ನೀನಾದ್ರೂ ಹೇಳೇ" ಎಂದು ನನ್ನ ಕಡೆ ತಿರುಗಿದಳು.

"ನಿಲ್ಲು" ಅಂದೆ.

ಬೈಯುತ್ತಿದ್ದಾಳೆ. ಬೈಯುತ್ತಲೇ ಎಡಗಾಲು ಕೆಳಗೆ ಬಿಟ್ಟಳು. ಭಾವನ ಕೈ ಬೇಡವಂತೆ, ನನ್ನ ಹೆಗಲೇ ಬೇಕಂತೆ. ಬರೆದದ್ದು ಸಾಕು ಬಾರೇ ಅನ್ನುತ್ತಿದ್ದಾಳೆ. ಬಲಗಾಲೂ ನೆಲಕ್ಕೆ—