ಊಟದ ನಂತರದ ಗುಡ್ಡ

ಧಾರವಾಡ, 2153ರ ಬೇಸಿಗೆ

ಪ್ರೀತಿಯ ಪ್ರಾರ್ಥನಾ ಅಜ್ಜಿಯವರಿಗೆ,

ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಿದೆ ಎಂಬ ಮಾತನ್ನು ಬರೆಯದೇ ಬಿಡುವವಳಿದ್ದೆ. ಹಿರಿಯರಿಗೆ ಬರೆಯುವ ಮೊದಲ ಪತ್ರದಲ್ಲಿ ಇಂಥದ್ದು ಸಲ್ಲದು ಅನ್ನಿಸಿತ್ತು. ಆದರೆ ಅದನ್ನು ಬಿಟ್ಟರೆ ಇಲ್ಲಿ ಉಳಿಯುವುದು ಬರೀ ಕುಶಲ ವಿಚಾರಣೆ. ಹಾಗಾಗಿ ಮೊದಲೇ ಹೇಳಿಬಿಟ್ಟಿದ್ದೇನೆ.

ನಾನು ಶಾಂಭವಿ, ನಿಮ್ಮ ಮೊಮ್ಮಗಳ ಮೊಮ್ಮಗಳು. ವಯಸ್ಸು ನಲವತ್ತೈದು, ನಿಮ್ಮ ಹಾಗೆಯೇ ಭೌತಶಾಸ್ತ್ರ ನನ್ನ ಕೆಲಸ. ನಿಮಗೀಗ ಇಪ್ಪತ್ತೈದು, ಮದುವೆಯೂ ಆಗಿಲ್ಲ. ನನಗಿಂತ ಚಿಕ್ಕವರನ್ನು ಅಜ್ಜಿ ಎಂದು ಕರೆಯುವುದು ನನಗೂ ವಿಚಿತ್ರವೇ. ಇಲ್ಲಿ ಬರುವ ಕೆಲವು ಪದಗಳು ನಿಮ್ಮ ಕಾಲದಲ್ಲಿ ಇಲ್ಲ, ಕ್ಷಮಿಸಿ. ಈ ಪತ್ರ ನಿಮಗೆ ತಲುಪುತ್ತಿರುವುದು ಹಿಂದಂಚೆಯಿಂದ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯಿಂದ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರಕ್ಕೆ ಅವಕಾಶ. ನಾನು ಅದನ್ನು ನಿಮಗಾಗಿ ಬಳಸುತ್ತಿದ್ದೇನೆ.

ನಮ್ಮಲ್ಲಿ ವಿಮಾನಗಳು ಅಪರೂಪ. ದೇಹಸಮೇತ ಪರದೇಶಕ್ಕೆ ಹೋಗುವುದನ್ನು ಮೈಪಯಣ ಎನ್ನುತ್ತೇವೆ. ಒಂದು ಮನೆಗೆ ಮೂವತ್ತು ವರ್ಷಕ್ಕೊಮ್ಮೆ ಮಾತ್ರ ಅದರ ಪಾಳಿ ಬರುತ್ತದೆ. ಉಳಿದಂತೆ ಎಲ್ಲರಿಗೂ ನೆರಳುಹಾಜರಿ. ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಇಲ್ಲಿ ಯಾರೂ ಬೀದಿಗಿಳಿಯುವುದಿಲ್ಲ. ಕಾಲೇಜಿನ ನೆಲಮಾಳಿಗೆಯ ನೆರಳುಕೋಣೆಯಲ್ಲಿ ನಾನು ಕುಳಿತರೆ, ಆಲ್ಪ್ಸ್ ತಪ್ಪಲಿನ ಉಪನ್ಯಾಸದ ಹಾಲ್‌ನಲ್ಲಿ ಒಂದು ಬೆಂಚಿನ ಮೇಲೆ ನನ್ನ ಆಕೃತಿ ಮೂಡುತ್ತದೆ. ಮಾತು ಕೇಳಿಸುತ್ತದೆ, ಕೈಯೆತ್ತಿ ಪ್ರಶ್ನೆ ಕೇಳಬಹುದು. ನೀವು ಹೋಗಲಿರುವ ಬೇಸಿಗೆ ಶಾಲೆಯೇ ಅದು. ಇನ್ನೂ ನಡೆಯುತ್ತಿದೆ, ಇನ್ನೂ ಸೀಮೆಸುಣ್ಣದಲ್ಲೇ ಬರೆಯುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಊರ ಹಿಂದಿನ ಗುಡ್ಡ ಹತ್ತುವ ಪದ್ಧತಿಯೂ ತಪ್ಪಿಲ್ಲ. ಬೆಳಿಗ್ಗೆ ಅರ್ಥವಾಗದ್ದನ್ನು ದಾರಿಯುದ್ದಕ್ಕೂ ಜಗಳವಾಡಿ ಅರ್ಥ ಮಾಡಿಕೊಳ್ಳುತ್ತಾರಂತೆ. ಬೋರ್ಡಿನ ಮುಂದೆ ಗಂಭೀರವಾಗಿದ್ದ ಪ್ರೊಫೆಸರು ಏರಿನಲ್ಲಿ ಏದುಸಿರು ಬಿಡುತ್ತ, ಇದು ನನಗೂ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾರಂತೆ. ನಾನು ‘ಅಂತೆ’ ಎಂದೇ ಬರೆಯಬೇಕು, ಏಕೆಂದರೆ ನೆರಳು ಬಾಗಿಲು ದಾಟುವುದಿಲ್ಲ. ಅವರು ಮರಳುವಾಗ ಬೂಟಿಗೆ ಮಣ್ಣು ಮೆತ್ತಿರುತ್ತದೆ, ಮುಖ ಕೆಂಪಾಗಿರುತ್ತದೆ, ಬೆಳಿಗ್ಗೆ ಇರದಿದ್ದ ಯಾವುದೋ ವಿಚಾರ ಅವರ ನಡುವೆ ಹುಟ್ಟಿರುತ್ತದೆ. ನಾವು ನೆರಳಿನವರು ಒರೆಸದ ಬೋರ್ಡನ್ನು ನೋಡುತ್ತ ಅಲ್ಲೇ ಕುಳಿತಿರುತ್ತೇವೆ. ಎಷ್ಟೋ ಬೇಸಿಗೆಗಳನ್ನು ನಾನು ಹಾಗೆ ಕಳೆದಿದ್ದೇನೆ.

ನೀವಾದರೋ ಕಾಲುಸಮೇತ ಅಲ್ಲಿಗೆ ಹೋದವರು. ಆದರೆ ನಿಮ್ಮ ಬಗ್ಗೆ ಮನೆಯಲ್ಲಿ ಉಳಿದಿರುವ ಕತೆ ಯಾವುದು ಗೊತ್ತೆ? ನನ್ನ ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದರು: “ನಮ್ಮಜ್ಜಿ ಅಂದ್ರ ಏನ್ ತಿಳಕೊಂಡೀ? ಎಲ್ಲಾರೂ ಗುಡ್ಡಾ ಹತ್ತಾಕ ಹೋದ್ರ, ಆಕಿ ಖೋಲ್ಯಾಗ ಕುಂತು ಕಡಕ್ ರೊಟ್ಟಿ ಮುರಕೊಂತ ನೋಟ್ಸ್ ಫೇರ್ ಮಾಡ್ತಿದ್ಲು. ಒಂದು ದಿನಾನೂ ಹೊರಗ ಹೋಗ್ಲಿಲ್ಲ!” ರ‍್ಯಾಂಕ್ ಬಂದ ಹುಡುಗಿ ನೀವು. ತರಗತಿಯಲ್ಲಿ ಗೀಚಿಕೊಂಡದ್ದನ್ನು ಅಂದೇ ಗೆರೆ ಎಳೆದು, ಅಂದವಾಗಿ ಮತ್ತೆ ಬರೆಯದಿದ್ದರೆ ನಿಮಗೆ ಸಮಾಧಾನವಿಲ್ಲ. ನನಗೂ ಅದೇ ಚಾಳಿ. ಆ ಕತೆಗೆ ಎಲ್ಲರೂ ತಲೆದೂಗುತ್ತಿದ್ದರು; ನನಗೆ ಮಾತ್ರ ಹೊಟ್ಟೆಯಲ್ಲಿ ಉರಿ. ಬಡಿಸಿದ ಎಲೆಯ ಮುಂದೆ ಕುಳಿತು, ಅದರ ಚಿತ್ರ ಬರೆದುಕೊಂಡು ಎದ್ದು ಬಂದಿರಲ್ಲ ಎಂದು.

ಈ ವರ್ಷ ನಮ್ಮ ಮನೆಯ ಪಾಳಿ ನನ್ನ ಹೆಸರಿಗೆ ಬಂದಿದೆ. ಅದೇ ವಾರ ಆ ಶಾಲೆಯಿಂದ ನನ್ನ ಮಗಳು ನೀಲವ್ವನಿಗೂ ಕರೆ ಬಂತು (ನಮ್ಮ ಕಾಲದಲ್ಲಿ ಹಳೆಯ ಹೆಸರುಗಳೇ ಹೊಸ ಫ್ಯಾಶನ್). ನಾನು ಹೆಬ್ಬೆಟ್ಟು ಒತ್ತಿದರೆ ಪಾಳಿ ಅವಳದಾಗುತ್ತದೆ. ಒತ್ತದಿದ್ದರೆ ನಾನು ಹೋಗುತ್ತೇನೆ, ಅವಳು ನೆರಳುಕೋಣೆಯಲ್ಲಿ ಕೂರುತ್ತಾಳೆ. ಮುಂದಿನ ಪಾಳಿ ಬರುವ ಹೊತ್ತಿಗೆ ನನ್ನ ಮೊಣಕಾಲು ಗುಡ್ಡ ಹತ್ತುವ ಸ್ಥಿತಿಯಲ್ಲಿ ಇರುವುದಿಲ್ಲ.

“ಅವ್ವಾ, ನೀನ ಹೋಗು,” ಎಂದಳು ನೀಲವ್ವ. “ಆದ್ರ ಅಲ್ಲೂ ಹೋಗಿ ನೋಟ್ಸ್ ಫೇರ್ ಮಾಡಾಕ ಕುಂತಿ ಅಂದ್ರ, ನಾ ನೆರಳಾಗಿ ಬಂದು ಎಲ್ಲಾರ ಮುಂದ ನಿನ್ನ ಮರ್ಯಾದಿ ತೆಗೀತೀನಿ ನೋಡು!”

ಹಾಗೆಂದು ನಕ್ಕಳು, ತಟ್ಟೆಯಲ್ಲಿದ್ದುದನ್ನು ಮಾತ್ರ ಮುಟ್ಟಲಿಲ್ಲ.

ಅಂದಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ: ಹೋದರೆ ನಾನು ನಿಜವಾಗಿಯೂ ಗುಡ್ಡ ಹತ್ತುತ್ತೇನೆಯೆ? ಮೊದಲ ದಿನ ಖಂಡಿತ ಹತ್ತುತ್ತೇನೆ. ಎರಡನೆಯ ದಿನ, ನೋಟ್ಸ್ ರಾಶಿ ಬಿದ್ದಿದೆಯಲ್ಲ ಅನ್ನಿಸುತ್ತದೆ. ಇದು ಗೊತ್ತಾದ ಮೇಲೆ ಮಗಳ ಮೇಲಿನ ಹೊಟ್ಟೆಕಿಚ್ಚು ಆರಿತೆ? ಇಲ್ಲ. ಅವಳು ಎರಡೆರಡು ಮೆಟ್ಟಿಲು ಹಾರಿ ಮಾಳಿಗೆಗೆ ಹೋಗುವುದನ್ನು ಕಂಡರೆ ಇವತ್ತಿಗೂ ಮುಖ ತಿರುಗಿಸುತ್ತೇನೆ. ತಾಯಿಯಾದವಳಿಗೆ ಇದು ಸಲ್ಲುತ್ತದೆಯೆ ಎಂದು ನಿಮ್ಮನ್ನು ಕೇಳುವಂತಿಲ್ಲ, ನೀವಿನ್ನೂ ತಾಯಿಯಾಗಿಲ್ಲ.

ನನ್ನದು ಒಂದೇ ಕೋರಿಕೆ. ಈ ಪತ್ರ ಸಿಗುವ ಹೊತ್ತಿಗೆ ನೀವು ಸೂಟ್‌ಕೇಸಿನಲ್ಲಿ ರೊಟ್ಟಿ ಜೋಡಿಸುತ್ತಿರುತ್ತೀರಿ. ಅಲ್ಲಿ ಊಟವಾದ ಮೇಲೆ ಪುಸ್ತಕ ಮುಚ್ಚಿಟ್ಟು ಎಲ್ಲರ ಜೊತೆ ಹೊರಡಿ. ರೊಟ್ಟಿ ಜೇಬಿನಲ್ಲಿರಲಿ, ಅವರಿಗೂ ಮುರಿದು ಕೊಡಿ. ದಡ್ಡ ಪ್ರಶ್ನೆ ಅನ್ನಿಸಿದರೂ ಏದುಸಿರಿನಲ್ಲೇ ಕೇಳಿಬಿಡಿ. ನೀವು ಗುಡ್ಡ ಹತ್ತಿದ ಕತೆ ಮನೆಯಲ್ಲಿ ಉಳಿದರೆ ನನ್ನ ಹೊಟ್ಟೆಕಿಚ್ಚು ಇನ್ನೂ ಹೆಚ್ಚುತ್ತದೆಂದು ಗೊತ್ತು. ಹೆಚ್ಚಲಿ.

ನಿಮ್ಮ ಶಾಂಭವಿ

ಹೆಬ್ಬೆಟ್ಟು ಒತ್ತಲು ಗಡುವು ಜೂನ್ ಹತ್ತು. ಅಂದು ಈ ಪತ್ರ ಹಾಕುವುದಿಲ್ಲ. ಒತ್ತಿದ ದಿನದ ನನ್ನ ಮನಸ್ಸಿನ ಮೇಲೆ ನನಗೆ ನಂಬಿಕೆಯಿಲ್ಲ. ನೀಲವ್ವನನ್ನು ವಿಮಾನ ಹತ್ತಿಸಿ, ಒಬ್ಬಳೇ ಮನೆಗೆ ಮರಳುವ ದಾರಿಯಲ್ಲಿ ಹಾಕುತ್ತೇನೆ: 2153, ಜೂನ್ ಇಪ್ಪತ್ತೆರಡು.