ಓದದೆ ಹಾಕಿದ ರುಜು

ಹಿನಕಲ್, ಮೈಸೂರು
೧೨-೧೧-೨೦೦೬

ಅಣ್ಣನಿಗೆ ಮರಿಸ್ವಾಮಿಯ ನಮಸ್ಕಾರ.

ಇವತ್ತು ಅಳಿಯ ಸ್ವರೂಪ್ ಸೈಕಲ್ಲಿನಲ್ಲಿ ಕೂರಿಸಿಕೊಂಡು ಕಾಲುವೆ ಏರಿಗೆ ಕರೆದುಕೊಂಡು ಹೋದ. ಅವನ ಕೈಯಲ್ಲಿದ್ದ, ಸ್ಯಾಟಲೈಟ್ ನೋಡಿ ಜಾಗ ಹೇಳುವ ಮೆಷೀನೇ ದಾರಿ ತೋರಿಸಿತು. ಹೊಂಗೆಮರದ ಬುಡದ ಕಲ್ಲು ಎತ್ತಿದರೆ ಪ್ಲಾಸ್ಟಿಕ್ ಡಬ್ಬಿ! ಒಳಗೆ ನಾಲ್ಕು ಗೋಲಿ, ಒಂದು ಪುಸ್ತಕ, ಅದರ ತುಂಬ ಯಾರು ಯಾರದೋ ಇಂಗ್ಲಿಷ್ ರುಜು.

"ಯಾರೋ ಬಚ್ಚಿಟ್ಟಿದ್ದನ್ನ ಹುಡುಕೋ ಆಟ ಅಷ್ಟೇ ಮಾವ, ಸಿಕ್ಕಿದೋರೆಲ್ಲ ಸೈನ್ ಹಾಕ್ತಾರೆ, ನೀವೂ ಒಂದು ಹಾಕ್ಬುಡಿ" ಎಂದ. ಅಭ್ಯಾಸಬಲ, ಅಪ್ಪನ ಹೆಸರು, ಊರು, ಹೋಬಳಿ ಎಲ್ಲ ಬರೆದು ರುಜು ಹಾಕಿಬಿಟ್ಟೆ. ಅವನು ಡಬ್ಬಿಯನ್ನು ಮತ್ತೆ ಅಲ್ಲೇ ಬಚ್ಚಿಟ್ಟ. ಆಟಕ್ಕೆ ರುಜು ಯಾಕೆ? ಹಾಕಿಸಿಕೊಂಡ ಮೇಲೆ ಬಚ್ಚಿಡುವುದು ಯಾಕೆ? ಇಲ್ಲಿ ಸುತ್ತ ಹೊಲವೆಲ್ಲ ಸೈಟಾಗುತ್ತಿದೆ.

ಮಂಡಿನೋವು ವಾಸಿ. ಕಾರ್ಡು ಮುಟ್ಟಿದ ದಿನವೇ ತಾಲ್ಲೂಕು ಕಚೇರಿಗೆ ಹೋಗಿ ನಮ್ಮ ಪಹಣಿ ತೆಗೆಸಿ, ಹೆಸರು ನಮ್ಮದೇ ಇದೆಯೇ ನೋಡಿಬಿಡಿ.

ಮರಿಸ್ವಾಮಿ