ಕಾರಿನ ಮುಂದಿನ ಸೀಟು

ಮಗಳೇ,

ರಾತ್ರಿಪಾಳಿ ಮುಗಿಸಿ ಬಂದವಳೇ ಮಲಗಿಬಿಡಬೇಡ. ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ನಿನ್ನನ್ನು ಕರೆದೊಯ್ಯಲು ವಾಪಸು ಬರುತ್ತೇವೆ. ತಿಂಡಿ ಮುಚ್ಚಿಟ್ಟಿದ್ದೇನೆ, ಉಪ್ಪು ಕಡಿಮೆಯೆಂದು ಮುಖ ಸಿಂಡರಿಸಬೇಡ, ನಾನೇ ಮಾಡಿದ್ದು.

ಹೊಳೆದಂಡೆಯ ಆ ಹಳೇ ಊರಿನ ಕೋಟೆ ನೋಡಬೇಕೆಂದು ಮೊದಲು ಆಸೆಪಟ್ಟವಳು ನೀನು. "ಕಾರಲ್ಲಿ ಜಾಗ ಸಾಲಲ್ಲ ಮಾವ, ನೀವೆಲ್ಲ ಹೋಗಿ ಬನ್ನಿ" ಅಂದವಳೂ ನೀನೇ. ನಿನ್ನತ್ತೆ ತೀರಿಕೊಂಡಂದಿನಿಂದ ಅವಳು ಕೂರುತ್ತಿದ್ದ ಮುಂದಿನ ಸೀಟಿನಲ್ಲಿ ನಾನು ಯಾರನ್ನೂ ಕೂರಲು ಬಿಟ್ಟಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಅವಳೇ ಗದರಿದಂತಾಯಿತು: "ಸೊಸೇನ ಮನೇಲಿ ಬಿಟ್ಟು ಖಾಲಿ ಸೀಟಿಗೆ ಊರು ತೋರಿಸೋಕೆ ಹೊರಟಿದ್ದೀರಾ?"

ಅವಳ ಮಾತಿಗೆ ನಾನೆಂದೂ ಎದುರಾಡಿದವನಲ್ಲ. ಕಾರು ಓಡಿಸುವ ನಿನ್ನ ಗಂಡನ ಪಕ್ಕ, ಆ ಮುಂದಿನ ಸೀಟಿನಲ್ಲಿ ನೀನು ಕೂತುಕೋ. ದಾರಿಯುದ್ದಕ್ಕೂ ನಿದ್ದೆ ಮಾಡು. ಹೊಳೆ ಕಂಡಾಗ ಹಿಂದಿನಿಂದ ನಾನು ಎಬ್ಬಿಸುತ್ತೇನೆ.

ನಿನ್ನ ಮಾವ